ಟಗರು ಒಡೆದ ಗಿಟಾರು

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಮಾರಿಕಣಿವೆಯ ನೀರು ಮುಟ್ಟಿ ಹೇಳುತ್ತೇನೆ. ಧರ್ಮಪುರದ ಬೆಳಗಿನ ಬಸ್ಸಿನ ಸ್ಟೇರಿಂಗ್ ಮುಟ್ಟಿ ಹೇಳುತ್ತೇನೆ. ತಲೆಯ ಮೇಲೆ ಉಳಿದಿರುವ ಕೂದಲೆಷ್ಟೋ ಅಷ್ಟು ಸಲ ಹೇಳುತ್ತೇನೆ. ಕಂಬಳಿ ಮುಟ್ಟಿ ಹೇಳು ಎಂದು ಮಾತ್ರ ಕೇಳಬೇಡಿ. ನಮ್ಮದು ಕುರಿ ಸಾಕುವ ಮನೆ. ಕಂಬಳಿಯ ಮೇಲೆ ಕೈಯಿಟ್ಟು ಆಡಿದ ಮಾತನ್ನು ನಮ್ಮ ಮನೆಯಲ್ಲಿ ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲ. ಹಾಗಾಗಿ ಐವತ್ಮೂರು ವರ್ಷ, ನಿನ್ನೆಯ ತನಕ, ನಾನು ಕಂಬಳಿಯನ್ನು ಹೊದೆಯುವುದಕ್ಕೆ ಮಾತ್ರ ಬಳಸಿದ್ದೆ.

ಆದಿವಾಲದಲ್ಲಿ ಬೀರೇಶ್ ಯಾರು ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಬುರುಡೆ ಬೀರಣ್ಣನ ಮನೆ ಯಾವುದು ಎಂದರೆ ನಾಯಿ ಕೂಡ ಎದ್ದು ಬಂದು ತೋರಿಸುತ್ತದೆ. ಆ ಮನೆಯಲ್ಲಿ ನಾನು, ನನ್ನವ್ವ ಗಿರಿಯಮ್ಮ, ನನ್ನ ಹೆಂಡತಿ ಯಶೋದಾ. ಮಗಳು ಭಾಗ್ಯ ಚಿತ್ರದುರ್ಗದ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಹಿತ್ತಲಲ್ಲಿ ಅರವತ್ತು ಕುರಿ. ಅವು ಅರವತ್ತೂ ನನ್ನ ಕತೆಗಳನ್ನು ಪೂರ್ತಿ ಕೇಳುತ್ತವೆ, ಮಧ್ಯದಲ್ಲಿ ಎದ್ದು ಹೋಗುವುದಿಲ್ಲ, ಕಟ್ಟಿಹಾಕಿರುತ್ತೇನೆ.

ಕತೆ ಹೇಳುವವನಿಗೆ ಹೂಂಗುಟ್ಟುವವರು ಬೇಕು. ನನಗೆ ಯಶೋದಾ ಇದ್ದಳು. ಜಗಲಿಯ ಮೇಲೆ ಕೂತು ನಾನು ಏನೇ ಬಿಡಲಿ, ಒಳಗೆ ಅಡುಗೆಮನೆಯಿಂದ ಮಾತಿಗೊಂದು “ಹೂಂ” ಬರುತ್ತಿತ್ತು. ನಂಬಿದ ಹೂಂ ಅಲ್ಲ. ಮುದ್ದೆ ತಿರುವುತ್ತಾ, ಕೋಲು ಒಂದು ಸುತ್ತು ಬಂದಾಗ ಬರುವ ಹೂಂ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷ ನಾನು ಅದರ ಮೇಲೆಯೇ ಬದುಕಿದೆ.

ಕಳೆದ ಕಾರ್ತಿಕದಲ್ಲಿ ಭಾಗ್ಯ ರಜೆಗೆ ಬಂದಾಗ ಆ ಹೂಂ ನಿಂತುಹೋಯಿತು.

ಅಟ್ಟದ ಮೇಲೆ ಹಳೇ ಚಾಪೆ ಹುಡುಕಲು ಹತ್ತಿದವಳು ಗಿಟಾರು ಹಿಡಿದು ಇಳಿದಳು. ಮೈತುಂಬ ಧೂಳು, ಕತ್ತು ಬಾಗಿತ್ತು, ತಂತಿ ಒಂದೂ ಇಲ್ಲ, ಮುಂದಿನ ಹಲಗೆಯಲ್ಲಿ ಅಂಗೈ ಅಗಲದ ತೂತು. ನಾವು ಊಟಕ್ಕೆ ಕೂತಿದ್ದೆವು. ಮುದ್ದೆ, ಹುರುಳಿಕಾಳಿನ ಸಾರು.

“ಅಮ್ಮ, ಇದು ನಿಂದಂತಲ್ಲ? ನುಡಿಸ್ತಿದ್ಯಂತೆ?”

“ನುಡಿಸ್ತಿದ್ದೆ. ಕೈ ತೊಳ್ಕಂಡು ಉಣ್ಣು.”

ಅದು ನಿಜವೇ. ಯಶೋದಾಳ ಅಪ್ಪ ತಿಮ್ಮರಾಯಪ್ಪ ಚಿತ್ರದುರ್ಗದ ಒಂದು ಹುಡುಗಿಯರ ಹಾಸ್ಟೆಲ್ಲಿಗೆ ಕಾವಲುಗಾರ. ಅಲ್ಲಿನ ವಾರ್ಡನ್ ಅಮ್ಮ ಕೆಲಸ ಬಿಟ್ಟು ಹೋಗುವಾಗ ತನ್ನ ಗಿಟಾರನ್ನು, ಬಾಗಿಲ ಹೊರಗೆ ನಿಂತು ಕೇಳಿ ಕೇಳಿಯೇ ಮೂರು ಹಾಡು ಕಲಿತಿದ್ದ ಯಶೋದಾಳ ಕೈಗೆ ಕೊಟ್ಟಿದ್ದರು. ಅದರ ಹೊಟ್ಟೆಯೊಳಗೆ ಇಣುಕಿದರೆ ಹಳದಿ ಬಣ್ಣದ ಚೀಟಿ. 1958 ಎಂಬುದೊಂದನ್ನು ಬಿಟ್ಟರೆ ಎಲ್ಲ ಅಳಿಸಿದೆ. ನನಗಿಂತ ಹಿರೀಕ. ಮದುವೆಯಲ್ಲಿ ಬೇರೆ ಹೆಣ್ಣುಮಕ್ಕಳು ಬೀರು ತರುತ್ತಾರೆ, ಇವಳು ಇದನ್ನು ತಂದಳು. ನಮ್ಮವ್ವ ಮೊದಲ ದಿನವೇ ಕೇಳಿದ್ದಳು: “ಇದ್ರಾಗೆ ಎಷ್ಟು ಸೇರು ಕಾಳು ಹಿಡೀತೈತೆ?”

“ಯಾರು ಒಡ್ದಿದ್ದು?” ಎಂದಳು ಭಾಗ್ಯ.

“ಟಗರು,” ಎಂದೆ ನಾನು. “ಸಾಹುಕಾರ ಅಂತ ಇತ್ತು, ನೀನು ಕಂಡಿಲ್ಲ. ತಾಯಿ ಸತ್ತ ಮರಿ, ನಿಮ್ಮಮ್ಮ ಬಾಟ್ಲಿ ಹಾಲು ಕುಡ್ಸಿ ಸಾಕಿದ್ಲು. ಸಾಮಾನ್ಯದ ಟಗರಲ್ಲ. ಒಂದಿನ ಧರ್ಮಪುರದ ಬಸ್ಸಿಗೆ ಎದುರು ನಿಂತು ಗುದ್ದಿದ ಏಟಿಗೆ ಬಸ್ಸು ಹಿಂದಕ್ಕೆ ಹಿರಿಯೂರು ತಂಕ ಹೋತು. ಜನ ಮತ್ತೆ ಟಿಕೀಟು ತಗಂಡ್ರು. ಅಂಥ ಟಗರು ಒಂದ್ಸಂಜೆ ನಡುಮನೆಗೆ ನುಗ್ಗಿ—”

“ಯಾವ ಟಗರು?” ಎಂದಳು ನಮ್ಮವ್ವ, ಸಾರು ಸುರಿಯುತ್ತಾ. “ಪಾಪದ್ದು, ಅದು ಅವತ್ತು ಅಡವಿಯಿಂದ ಮನೆಗೇ ಬಂದಿರ್ಲಿಲ್ಲ. ಇವ್ಳು ನೀರಿಗೆ ಹೋಗಿದ್ಲು, ಇವ್ನೇ ಒದ್ದ. ನಾನು ಒಲೆ ಮುಂದೆ ಕುಂತು ಕಂಡೆನಲ್ಲ.”

ನಾನು ಹೇಳಿದೆ, “ಅವ್ವಂಗೆ ವಯಸ್ಸಾತು. ಮೊನ್ನೆ ಕರಿ ಕೋಳಿನ ಬೆಕ್ಕು ಅಂದ್ಲು.”

“ಕೋಳೀನ ಬೆಕ್ಕು ಅಂದಿದ್ದು ಕಣ್ಣಿಂದು,” ಎಂದಳು ಅವ್ವ. “ಇದು ಮನಸಿಂದು. ಅದು ಚೆನ್ನಾಗೈತೆ.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಜ್ಜಿ?”

“ಯಾರ್ ಕೇಳಿದ್ರು?”

ಯಶೋದಾ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. “ಸಾಹುಕಾರನ್ನ ಹಿರಿಯೂರು ಸಂತೆಗೆ ಹೊಡ್ಕಂಡು ಹೋಗಿದ್ದು ಯಾರು?” ಎಂದು ಕೇಳಿದಳು.

“ನಾನೇ. ತಪ್ಪು ಮಾಡಿದ್ದ ಟಗರು...”

“ನನ್ ಕೈಯಾಗೆ ಒಂದು ಹಿಡಿ ಹುಲ್ಲು ತಿಂದು ಹೋತು,” ಎಂದಳು. ನೇರವಾಗಿ ನನ್ನ ಜೊತೆ ಅವಳಾಡಿದ ಕೊನೆಯ ಮಾತು ಅದು. ದನಿ ಎತ್ತರಿಸಲಿಲ್ಲ. ಸಾರಿಗೆ ಉಪ್ಪು ಕೂಡ ಸರಿಯಾಗಿತ್ತು.

ಮೊದಲ ವಾರ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು, ಬಟ್ಟೆ ಒಗೆದು ಮಡಚಿರುತ್ತಿತ್ತು. ಮಾತು ಮಾತ್ರ ಅವ್ವನ ಮೂಲಕ.

“ಅತ್ತೆ, ನಿಮ್ಮಗಂಗೆ ಹೇಳ್ರಿ, ಗ್ಯಾಸ್ ಮುಗ್ದೈತೆ.”

ಅವ್ವ ಮೂರು ಮಾರು ದೂರದಲ್ಲಿ ಕೂತ ನನ್ನ ಕಡೆ ತಿರುಗುತ್ತಿದ್ದಳು. “ಗ್ಯಾಸ್ ಮುಗ್ದೈತಂತೆ.”

“ಕೇಳಿಸ್ತವ್ವ.”

“ಕೇಳಿಸ್ತಂತೆ,” ಎಂದು ಅವ್ವ ಆ ಕಡೆ ತಿರುಗುತ್ತಿದ್ದಳು. ಈ ಕೆಲಸ ಬಂದ ಮೇಲೆ ಅವ್ವನ ಸೊಂಟನೋವು ಹೋಯಿತು. ಎಪ್ಪತ್ತೆಂಟು ವರ್ಷದಲ್ಲಿ ಅವಳ ಮಾತನ್ನು ಇಬ್ಬರು ಒಟ್ಟಿಗೆ ಕಾಯ್ದದ್ದು ಅದೇ ಮೊದಲು.

ಆದರೆ ಸಂಜೆ ಜಗಲಿಯ ಮೇಲೆ ಕೂತು, ಗುಡ್ಡದ ಮೇಲಿನ ಗಾಳಿಯಂತ್ರಕ್ಕೆ ನಮ್ಮ ಹೋತ ಸಿಕ್ಕಿಕೊಂಡು ಮೂರು ಸುತ್ತು ತಿರುಗಿ ತುರುವನೂರಿನಲ್ಲಿ ಇಳಿದ ಕತೆ ತೆಗೆದೆ. ಕೇಳುವವರು ಯಾರೂ ಇರಲಿಲ್ಲ. ಈಗ ಊರಲ್ಲಿ ಎಲ್ಲರ ಕೈಯಲ್ಲೂ ಮೊಬೈಲಿದೆ, ನನ್ನ ಜಗಲಿಗೆ ಬರುವುದು ಬಿಸಿಲೊಂದೇ. ಆದರೂ ಹೇಳಿದೆ. ಹೋತ ಮೇಲೇರಿತು. ಒಳಗಿಂದ ಹೂಂ ಬರಲಿಲ್ಲ. ಹೋತ ಅಲ್ಲೇ ನಿಂತಿತು. ಇವತ್ತಿಗೂ ಇಳಿದಿಲ್ಲ.

ಮರುದಿನ ಗಿಟಾರನ್ನು ಕೈಗೆತ್ತಿಕೊಂಡೆ. ಸರಿಮಾಡಿ ಕೊಟ್ಟರೆ ಮಾತಾಡಿಯಾಳು ಎಂಬುದು ನನ್ನ ಲೆಕ್ಕ. ತಲೆಕೆಳಗು ಮಾಡಿ ಕೊಡವಿದಾಗ ಒಂದು ಹಿಡಿ ಮೆಣಸಿನಬೀಜ ಬಿತ್ತು, ಅದು ಅವ್ವನ ಕೆಲಸ. ಒಂದು ಸತ್ತ ಹಲ್ಲಿ ಬಿತ್ತು. ಕೊನೆಗೆ ಕೆಂಪು ದಾರ ಸುತ್ತಿದ ಕರಿ ಉಣ್ಣೆಯ ಸಣ್ಣ ಗಂಟು ಬಿತ್ತು.

ನಮ್ಮ ಮನೆಯಲ್ಲಿ ಕುರಿ ಮಾರುವ ಮುಂಚೆ ಬೆನ್ನಿನ ಒಂದು ಚಿಟಿಕೆ ಉಣ್ಣೆ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಕುರಿ ಹೋದರೂ ಅದರ ಋಣ ಮನೆಯಲ್ಲಿರಲಿ ಎಂದು. ತೊಲೆಯ ಸಂದಿಯಲ್ಲಿ ಸಿಕ್ಕಿಸುವುದು ವಾಡಿಕೆ. ಸಾಹುಕಾರನದನ್ನು ಯಶೋದಾ ತೊಲೆಗೆ ಸಿಕ್ಕಿಸಿರಲಿಲ್ಲ. ಒಡೆದ ಗಿಟಾರಿನ ಹೊಟ್ಟೆಯಲ್ಲಿ ಇಟ್ಟಿದ್ದಳು. ನಾನು ಅದನ್ನು ಇದ್ದ ಜಾಗಕ್ಕೇ ಹಾಕಿದೆ.

ನಮ್ಮವರಿಗೆ ಜಗತ್ತಿನಲ್ಲಿ ಗೊತ್ತಿರುವ ಅಂಟು ಒಂದೇ: ಹುಣಸೆಬೀಜದ ಗಂಜಿ. ಹುರಿದು, ನೆನೆಹಾಕಿ, ರುಬ್ಬಿ, ಕುದಿಸಿ ಕಂಬಳಿಯ ನೂಲಿಗೆ ಬಳಿದರೆ ಕಂಬಳಿ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಅದನ್ನೇ ಕಾಯಿಸಿ ಗಿಟಾರಿನ ಸೀಳುಗಳಿಗೆಲ್ಲ ಬಳಿದು, ಹಗ್ಗ ಸುತ್ತಿ, ನೂಲು ಒಣಗಿಸುವ ಹಾಗೆ ಬಿಸಿಲಿಗೆ ಇಟ್ಟೆ.

“ಅತ್ತೆ,” ಎಂದಳು ಯಶೋದಾ ಒಳಗಿಂದ, “ಅದು ಕಂಬಳಿ ಅಲ್ಲ ಅಂತ ಹೇಳ್ರಿ.”

“ಅದು ಕಂಬಳಿ ಅಲ್ಲವಂತೆ.”

“ಗೊತ್ತೈತೆ ಅನ್ನವ್ವ.”

ಗೊತ್ತಿರಲಿಲ್ಲ. ಗಂಜಿ ಒಣಗುತ್ತಾ ಬಿಗಿಯಾಗಿ, ಹಲಗೆಯನ್ನು ತನ್ನ ಕಡೆ ಎಳೆಯಿತು. ಮಧ್ಯಾಹ್ನದ ಹೊತ್ತಿಗೆ ಟಪ್ ಎಂದು ಸದ್ದಾಗಿ, ಇದ್ದ ಎರಡು ಸೀಳಿನ ಜೊತೆ ಮೂರನೆಯದು ಬಂತು. ಉಳಿದ ಗಂಜಿಯನ್ನು ಕುರಿಗಳು ನೆಕ್ಕಿದವು. ಅವುಗಳಲ್ಲಿ ಒಂದು ನೆಕ್ಕಿದ ಮೇಲೆ ನಾಲಿಗೆ ಅಂಟಿ ಎರಡು ದಿನ ಗಿಟಾರಿನ ಸಮೇತ ಮೇಯಲು ಹೋಗಿತ್ತು. ಆ ಮಾತು ಬಿಡಿ.

ಗಿಟಾರನ್ನು ಕಂಬಳಿಯಲ್ಲಿ ಸುತ್ತಿಕೊಂಡು ಚಿತ್ರದುರ್ಗಕ್ಕೆ ಹೋದೆ. ಅಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಸಣ್ಣತಿಮ್ಮಪ್ಪ ಎಂಬ ಹಿರಿಯರ ಅಂಗಡಿ ಇದೆ. ಕನ್ನಡಕ ಹಣೆಗೇರಿಸಿ ಗಿಟಾರನ್ನು ಮೂಸಿ ನೋಡಿದರು.

“ಏನಪ್ಪ ಹಚ್ಚಿದೀಯ ಇದಕ್ಕೆ?”

“ಹುಣಸೆಬೀಜದ ಗಂಜಿ. ಕಂಬಳಿಗೆ ಹಚ್ತೀವಿ.”

“ಕಂಬಳಿಗೆ ಯಾರಾದ್ರೂ ಆರು ತಂತಿ ಕಟ್ಟಿ ಎಳೀತಾರೇನು?”

“ಎಳೆಯಲ್ರಿ.”

“ಮತ್ತೆ? ಯಾರು ಒಡ್ದಿದ್ದು?”

“ಟಗರು.”

ಅವರು ತೂತನ್ನು ಬೆರಳಿಂದ ಸವರಿದರು. “ಟಗರಿಗೆ ಎರಡು ಕೊಂಬು ಇರ್ತಾವಪ್ಪ. ಇದು ಒಂದೇ ಏಟು, ಮೇಲಿಂದ ಬಿದ್ದಿದ್ದು.” ಆಮೇಲೆ ಆ ಮಾತು ತೆಗೆಯಲಿಲ್ಲ. “ಮಂಗಳವಾರ ಅಂಗ್ಡಿ ರಜ. ಅವತ್ತು ಬಾ. ನಾ ಹೇಳ್ತೀನಿ, ನೀನ್ ಮಾಡು. ನನ್ ಕೈ ನಡುಗ್ತೈತೆ.”

ಏಳು ಮಂಗಳವಾರ ಹೋದೆ. ಹೋಗುವ ದಿನ ಕುರಿ ಯಾರು ಮೇಯಿಸುತ್ತಾರೆ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಬೆಳಗ್ಗೆ ಎದ್ದಾಗ ಹಟ್ಟಿ ಖಾಲಿ ಇರುತ್ತಿತ್ತು, ಯಶೋದಾಳ ಚಪ್ಪಲಿಯೂ ಇರುತ್ತಿರಲಿಲ್ಲ. ಒಲೆಯ ಪಕ್ಕ ಬಟ್ಟೆಯಲ್ಲಿ ಕಟ್ಟಿದ ಎರಡು ರೊಟ್ಟಿ, ಶೇಂಗಾ ಚಟ್ನಿ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಪಕ್ಕದವರಿಗೆ ಕತೆ ಹೇಳಬೇಕೆನಿಸುತ್ತಿರಲಿಲ್ಲ. ಈ ಸಂಗತಿ ಬಸ್ಸಿನವರಿಗೂ ಆಶ್ಚರ್ಯವಾಗಿ, ಕಂಡಕ್ಟರ್ ನನಗೆ ಹುಷಾರಿಲ್ಲವೇ ಎಂದು ಕೇಳಿದ.

ಸಣ್ಣತಿಮ್ಮಪ್ಪನವರು ಮೊದಲು ನನ್ನ ಗಂಜಿಯನ್ನೆಲ್ಲ ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ತೆಗೆಸಿದರು. ಅದಕ್ಕೇ ಎರಡು ಮಂಗಳವಾರ ಹಿಡಿಯಿತು. ಬಡಗಿಗಳು ಚರ್ಮ ಕುದಿಸಿ ಮಾಡುವ ಮರವಜ್ರದ ಅಂಟನ್ನು ನೀರಿನ ಪಾತ್ರೆಯೊಳಗೆ ಇಟ್ಟು ಕಾಯಿಸುವುದು, ಅದು ಆರುವ ಮುಂಚೆ ಸೀಳಿನೊಳಗೆ ಇಳಿಸುವುದು, ಒಳಗಡೆಯಿಂದ ಸಣ್ಣ ಪಟ್ಟಿ ಕೊಟ್ಟು ಬಿಗಿಯುವುದು ಕಲಿಸಿದರು. ತೂತಿಗೆ ಹಳೇ ಹಾರ್ಮೋನಿಯಂ ಮುಚ್ಚಳದಿಂದ ತೇಪೆ ಕೊಯ್ದೆ. ಬಾಗಿದ ಕತ್ತು ಬಿಚ್ಚಿ ಕೂರಿಸಿದೆ. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳಿನ ಗೆರೆ ಹೋಯಿತು. ಒಮ್ಮೆ ರೇಷನ್ ಅಂಗಡಿಯ ಯಂತ್ರ ನನ್ನ ಹೆಬ್ಬೆಟ್ಟು ಹಿಡಿಯಲೇ ಇಲ್ಲ. ಇದು ಅಂಗಡಿಯವರನ್ನೇ ಕೇಳಬಹುದು.

“ಒಳಗೆ ಏನೋ ಉಣ್ಣೆ ಐತಲ್ಲ, ತೆಗಿ,” ಎಂದರು ಅವರು. “ಸದ್ದು ಮುಚ್ಚುತ್ತೆ.”

“ಇರ್ಲಿ ಬಿಡ್ರಿ.”

ನನ್ನ ಮುಖ ನೋಡಿ ಬಿಟ್ಟರು.

ಪಾಲಿಶ್ ಹಾಕುವ ಮುಂಚೆ ತೇಪೆ ಎದ್ದು ಕಾಣುತ್ತಿತ್ತು. ಆಗ ನನಗೊಂದು ಬುದ್ಧಿ ಹೊಳೆಯಿತು. ದೀಪದ ಕಾಡಿಗೆ ಕಲಸಿ ತೇಪೆಯ ಮೇಲೆ ಸಾಹುಕಾರನನ್ನೇ ಬರೆದೆ. ಚಿಕ್ಕಂದಿನಲ್ಲಿ ಅಡವಿಯ ಬಂಡೆ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದ ಕೈ. ಮೈ ತೇಪೆಯ ಮೇಲೆ, ತಲೆ ಮೇಲಕ್ಕೆ, ಕೊಂಬು ಸುರುಳಿಯಾಗಿ ಗಿಟಾರಿನ ದುಂಡು ಬಾಯಿಯ ಸುತ್ತ ಹೊರಳಿತು. ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಲ್ಲಿ ಅದ್ದಿ ತೆಳುವಾಗಿ, ತೆಳುವಾಗಿ, ನೂರಾರು ಸಲ. ಉಂಡೆಯೊಳಗೆ ಹತ್ತಿಯ ಬದಲು ನಮ್ಮ ಮರಿಯ ಉಣ್ಣೆ ಇಟ್ಟೆ. ಹಲಗೆ ಜೇನಿನ ಹಾಗೆ ಆಯಿತು.

“ಮೂವತ್ತು ವರ್ಷದಾಗೆ ಇಂಥ ಕೆಲ್ಸ ನೋಡಿಲ್ಲ,” ಎಂದರು ಸಣ್ಣತಿಮ್ಮಪ್ಪನವರು. ಇದನ್ನು ಸೇರಿಸಿ ಹೇಳುತ್ತಿಲ್ಲ. ಹೇಳಿದ್ದು ಇಷ್ಟೇ.

ಮನೆಗೆ ತಂದು ನಡುಮನೆಯಲ್ಲಿ ಕಂಬಳಿ ಬಿಚ್ಚಿದೆ. ಅವ್ವ ಕೈಮುಗಿದಳು, ಏನೆಂದುಕೊಂಡಳೋ. ಯಶೋದಾ ಸೆರಗಿನಿಂದ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಕೊಂಬಿನ ಸುರುಳಿಯ ಮೇಲೆ ಬೆರಳಾಡಿಸಿದಳು. ಈಗ ಬರುತ್ತದೆ ಹೂಂ ಎಂದುಕೊಂಡೆ.

“ಅತ್ತೆ,” ಎಂದಳು, “ಮತ್ತೆ ಟಗರೇ ಐತೆ ಇಲ್ಲಿ. ಇವ್ರ ಕಾಲೆಲ್ಲೈತೆ ಕೇಳ್ರಿ.”

ಅವ್ವ ನನ್ನ ಕಡೆ ತಿರುಗಿದಳು. “ನಿನ್ ಕಾಲೆಲ್ಲೈತಂತೆ.”

ನಾನು ಟಗರಿಗೆ ಕ್ಷಮೆ ಕೇಳಿದ್ದೇನೆ ಎಂದುಕೊಂಡಿದ್ದೆ. ನೋಡಿದರೆ, ಒದ್ದ ಜಾಗದಲ್ಲೇ ಮತ್ತೆ ಅದನ್ನೇ ತಂದು ನಿಲ್ಲಿಸಿದ್ದೆ. ಹಳೇ ಸುಳ್ಳಿಗೆ ಅರಗಿನ ಪಾಲಿಶ್ ಹಾಕಿದ್ದೆ, ನೂರಾರು ಸಲ.

“ಆತು, ನಾನೇ ಒದ್ದಿದ್ದು!” ಎಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು. “ಸಾಕಾ?”

ಯಶೋದಾ ಒಲೆಯ ಕಡೆ ತಿರುಗಿ ಏನೋ ಹೇಳಿದಳು. ಅವ್ವ ಅದನ್ನು ನನಗೆ ತಲುಪಿಸಿದಳು, ಒಂದಕ್ಷರ ಬಿಡದೆ: “ಸುಳ್ಳನ್ನ ಜಗ್ಲಿ ಮೇಲೆ ಕುಂತು ಊರಿಗೆಲ್ಲ ಹೇಳಿದ್ರಂತೆ. ನಿಜಾನ ಒಳಗೆ ಬಂದು ಹೆಂಡ್ತಿ ಕಿವಿಗೆ ಹೇಳ್ತಾರಂತೆ.” ಸ್ವಲ್ಪ ತಡೆದು ತನ್ನದನ್ನೂ ಸೇರಿಸಿದಳು. “ಜಗ್ಲಿ ಮೇಲೆ ಹೇಳು ಬೀರ. ಕಂಬಳಿ ಮೇಲೆ ಕೈಯಿಟ್ಟು ಹೇಳು. ನಿನ್ ಬರೀ ಬಾಯಿಗೆ ಈ ಊರಾಗೆ ಏನೈತೆ ಬೆಲೆ?”

ಮುಂದಿನ ಮಂಗಳವಾರ ಸಾಹುಕಾರನನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆದೆ. ಎರಡನೇ ಸಲ ಅದನ್ನು ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ಆಮೇಲೆ ಗಿಟಾರನ್ನು ನೆಲಕ್ಕಿಟ್ಟು, ತೇಪೆಯ ಮೇಲೆ ಹಗುರಾಗಿ ಬಲಗಾಲಿಟ್ಟು, ಸುತ್ತ ಗೆರೆ ಎಳೆದೆ. ಹಿಮ್ಮಡಿ ಹೊರಗೆ ಉಳಿಯಿತು, ಐದು ಬೆರಳು, ಅಂಗಾಲಿನ ಮುಂಭಾಗ ಅಷ್ಟೇ ಹಿಡಿಸಿತು. ಹೆಬ್ಬೆರಳಿನ ಉಗುರು ಒಡೆದಿರುವುದನ್ನೂ ಬಿಡದೆ ಕಾಡಿಗೆಯಲ್ಲಿ ಬರೆದು ಮೇಲೆ ಅರಗು ಹಾಕಿದೆ. ಸಣ್ಣತಿಮ್ಮಪ್ಪನವರು ಬೀಡಿ ಆರಿಹೋಗುವ ತನಕ ನೋಡುತ್ತಾ ಕೂತಿದ್ದರು.

“ಟಗರೇ ಚೆನ್ನಾಗಿತ್ತು,” ಎಂದರು.

“ಹೌದ್ರಿ.”

ಯಶೋದಾ ಅದನ್ನು ಬಗ್ಗಿ ನೋಡಿದಳು. ಎತ್ತಿಕೊಂಡು ಹೋಗಿ ಅಡುಗೆಮನೆಯ ಗೋಡೆಗೆ ಒರಗಿಸಿದಳು. ಮರುದಿನ ಭಾಗ್ಯಳ ಫೋನು ಬಂತು.

“ಅಪ್ಪ, ಅಮ್ಮಂಗೆ ಆರು ತಂತಿ ಬೇಕಂತೆ. ಸ್ಟೀಲಿಂದು.”

“ಎಲ್ಲಿದಾಳೆ ನಿಮ್ಮಮ್ಮ?”

“ಮನೇಲೇ. ನಿನ್ ಹಿಂದೆ ರಾಗಿ ಕೇರ್ತಾ ಇದಾಳಂತೆ.”

ತಿರುಗಿ ನೋಡಿದೆ. ಕೇರುತ್ತಿದ್ದಳು. ಮಾತು ಚಿತ್ರದುರ್ಗಕ್ಕೆ ಹೋಗಿ ಬಂದಿತ್ತು. ತಂತಿಯನ್ನೂ ಚಿತ್ರದುರ್ಗದಿಂದಲೇ ತಂದುಕೊಟ್ಟೆ. ಕಟ್ಟಿದಳು. ನುಡಿಸಲಿಲ್ಲ.

ಇನ್ನು ಉಳಿದದ್ದು ಜಗಲಿಯ ಕೆಲಸ. ಕಂಬಳಿ ಹಾಸಿ ಕೂತೆ. ಮೊಬೈಲು ಬರುವ ಮುಂಚೆ, ಸುಳ್ಳು ಹೇಳುವ ಕಾಲಕ್ಕೆ, ಈ ಜಗಲಿಯಲ್ಲಿ ಕೂರಲು ಜಾಗ ಇರುತ್ತಿರಲಿಲ್ಲ. ನಿಜ ಹೇಳಬೇಕೆಂದು ಕೂತರೆ ಹದಿನೈದು ದಿನ ಒಬ್ಬನೂ ಕೂರಲಿಲ್ಲ. ಕರೆಂಟ್ ಮೀಟರ್ ನೋಡುವವನು ಬಂದ. “ಕುಂತ್ಕಳಪ್ಪ, ಒಂದ್ ಮಾತು ಹೇಳ್ಬೇಕು,” ಎಂದೆ. “ಅಣ್ಣ, ಇನ್ನೂ ನಲವತ್ ಮನೆ ಐತೆ,” ಎಂದು ಹೋದ. ಪಕ್ಕದ ಮನೆಯ ಸಿದ್ದಕ್ಕ ಮೊಸರು ಕೇಳಲು ಬಂದಳು. “ಸಿದ್ದಕ್ಕ, ನಾನೊಂದು ನಿಜ ಹೇಳ್ತೀನಿ,” ಎಂದೆ. ಅವಳು ಮೊಸರೂ ತೆಗೆದುಕೊಳ್ಳದೆ ನಗುತ್ತಾ ಹೋದಳು.

ನಿನ್ನೆ ಸಂಜೆ ನಾಲ್ಕಕ್ಕೆ ಹೊಸದುರ್ಗದ ಕುರಿ ವ್ಯಾಪಾರಿ ನಾಗರಾಜಣ್ಣ ಬಂದರು. ನಿಧಾನದ ಮನುಷ್ಯ. ಮರಿಗಳನ್ನು ನೋಡಿ, ಕಾಲು ತೊಳೆದು, ನೀರು ಕುಡಿಯಲು ಒಳಗೆ ಹೋಗಿ ಬಂದವರು ಕೇಳಿದರು:

“ಅಲ್ಲ ಬೀರಣ್ಣ, ನಿಮ್ ಗಿಟಾರಿನ ಮೇಲೆ ಯಾರದ್ದೋ ಕಾಲೈತಲ್ಲ?”

“ಕುಂತ್ಕಳ್ರಿ,” ಎಂದೆ. “ಹೇಳ್ತೀನಿ.”

“ಬುರುಡೆನಾ?”

ನಾನು ಕಂಬಳಿಯ ಮೇಲೆ ಕೈಯಿಟ್ಟೆ. ಅವರು ನಗು ನಿಲ್ಲಿಸಿದರು, ಅವರದೂ ಕುರಿಯವರ ಮನೆಯೇ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ನಮ್ಮವ್ವ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕೂತಳು.

“ಆ ಗಿಟಾರು ಒಡ್ದಿದ್ದು ಟಗರಲ್ಲ ನಾಗರಾಜಣ್ಣ. ಟಗರು ಅವತ್ತು ಅಡವಿಯಾಗಿತ್ತು. ಒದ್ದಿದ್ದು ನಾನು, ಈ ಬಲಗಾಲಿಂದ. ಒದ್ದು, ಟಗರಿನ ಮೇಲೆ ಹೇಳ್ದೆ. ಹೇಳಿ, ಟಗರನ್ನ ಸಂತೆಗೆ ಹೊಡ್ಕಂಡು ಹೋದೆ.”

ಅಭ್ಯಾಸಬಲ, ಅಲ್ಲಿ ನಿಲ್ಲಿಸಿದೆ. ಒಳಗಿಂದ ಏನೂ ಬರಲಿಲ್ಲ.

“ಯಾಕಪ್ಪ ಒದ್ದಿರಿ?” ಎಂದರು ನಾಗರಾಜಣ್ಣ.

ಅದನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವ್ವನೂ ಕೇಳಿರಲಿಲ್ಲ.

“ಯಾಕಂದ್ರೆ, ಅವತ್ತೂ ಹಿಂಗೇ ಸಂಜೆ. ಇದೇ ಜಗ್ಲಿ. ನಾ ಕತೆ ಹೇಳ್ತಿದ್ದೆ, ಹನ್ನೊಂದು ಜನ ಕುಂತಿದ್ರು, ಒಳ್ಳೆ ಜಾಗಕ್ಕೆ ಬಂದಿತ್ತು ಕತೆ. ಒಳಗೆ ಇವ್ಳು ಆ ಗಿಟಾರು ಎತ್ಕಂಡ್ಲು. ಒಬ್ಬ ಎದ್ದ. ಇನ್ನೊಬ್ಬ ಎದ್ದ. ನಾ ಇನ್ನೂ ಮಾತಾಡ್ತಾನೇ ಇದೀನಿ ನಾಗರಾಜಣ್ಣ, ಬಾಯಾಗೆ ಮಾತು ಹಂಗೇ ಐತೆ, ಹನ್ನೊಂದ್ ಜನಾನೂ ಎದ್ದು ಬಾಗ್ಲಿಗೆ ಹೋಗಿ ನಿಂತ್ರು. ಯಾವನೂ ಹಿಂದಕ್ಕೆ ತಿರು—”

ಹೂಂ ಬರಬೇಕಾದ ಕಡೆ, ಒಳಗಿನಿಂದ ದಪ್ಪ ತಂತಿಯ ಸದ್ದು ಬಂತು. ಸ್ವಲ್ಪ ಮಂಕಾದ ಸದ್ದು, ಹೊಟ್ಟೆಯಲ್ಲಿ ಉಣ್ಣೆ ಇದ್ದದ್ದಕ್ಕೆ. ಆಮೇಲೆ ಇನ್ನೊಂದು ತಂತಿ. ಆಮೇಲೆ ಕೈ ನೆನಪು ಮಾಡಿಕೊಳ್ಳುತ್ತಾ, ತಪ್ಪುತ್ತಾ, ಹಳೆಯ ಮೂರು ಹಾಡುಗಳಲ್ಲಿ ಒಂದು. ಸಿದ್ದಕ್ಕ ತನ್ನ ಬಾಗಿಲು ತೆರೆದು ಇಣುಕಿದಳು. ಹೊಸ್ತಿಲ ಮೇಲಿದ್ದ ಅವ್ವ ಒಳಗೆ ತಿರುಗಿ ಕೂತಳು. ನಾನು ಬಲಗಾಲನ್ನು ಕಂಬಳಿಯೊಳಗೆ ಮಡಚಿಕೊಂಡೆ.

“ತಿರುಗಿ ನೋಡ್ಲಿಲ್ಲ,” ಎಂದೆ. “ಅದಕ್ಕೇ ನಾನು, ಅವ್ರೆಲ್ಲ ಮನೆಗೆ ಹೋದ ಮೇಲೆ—”

ನಾಗರಾಜಣ್ಣ ಎದ್ದರು. “ಒಂದ್ನಿಮಿಷ ಬೀರಣ್ಣ,” ಎಂದು ಬಾಗಿಲ ಕಡೆ ನಡೆದರು.